ತುರುಬಿನ ಸರ್ಕಾರ

ಹೋದ ತಿಂಗಳು ಕೊಳ್ಳೇಗಾಲದಿಂದ ಯಳಂದೂರಿಗೆ ಬಸ್ಸಿನಲ್ಲಿ ಹೋಗುತ್ತಿದ್ದೆ. ದಾರಿಯಲ್ಲಿ ಎಲ್ಲೋ ರೇಷ್ಮೆಗೂಡು ಬೇಯಿಸುವ ವಾಸನೆ ಕಿಟಕಿಯಿಂದ ಒಳಗೆ ನುಗ್ಗಿತು. ಪಕ್ಕದಲ್ಲಿ ಕೂತಿದ್ದ ಹೆಂಗಸು ಸೆರಗನ್ನು ಮೂಗಿಗೆ ಒತ್ತಿಕೊಂಡು, "ಥೂ, ಎಂಗೆ ತಡ್ಕತಾರೋ ಇದ್ನ" ಅಂದಳು. ನನಗೆ ಮೈ ಉರಿಯಿತು. ನಾಲ್ಕು ವರ್ಷ ತಡೆದುಕೊಂಡವಳು ನಿನ್ನ ಪಕ್ಕದಲ್ಲೇ ಕೂತಿದ್ದಾಳೆ ಕಣಮ್ಮ ಅನ್ನಬೇಕೆನಿಸಿತು. ಅದು ಬೆಂದು ಸತ್ತ ಹುಳದ ವಾಸನೆ. ಕೈಗೆ ಹತ್ತಿದರೆ ಸೀಗೆಪುಡಿ ಹಾಕಿ ತಿಕ್ಕಿದರೂ ಬಿಡುವುದಿಲ್ಲ.

ನಾನು ಕೆಲಸ ಮಾಡುತ್ತಿದ್ದ ಫಿಲೇಚರ್ ಆ ರಸ್ತೆಯಲ್ಲೇ ಇತ್ತು. ಫಿಲೇಚರ್ ಅಂದರೆ ಗೂಡಿನಿಂದ ನೂಲು ತೆಗೆಯುವ ಕಾರ್ಖಾನೆ. ಉದ್ದನೆಯ ಶೀಟಿನ ಮನೆ, ಗೂಡು ಬೇಯಿಸುವ ಬಿಸಿನೀರಿನ ಎರಡು ಸಾಲು ಬೇಸಿನ್, ಒಂದೊಂದು ಬೇಸಿನ್ನಿಗೂ ಒಬ್ಬೊಬ್ಬ ಹೆಂಗಸು. ಈಗ ಅಲ್ಲಿ ಯಾರದೋ ಸಿಮೆಂಟಿನ ಗೋಡೌನು ನಿಂತಿದೆ. ಎರಡು ವರ್ಷದ ಹಿಂದೆ ಒಬ್ಬ ಹುಡುಗಿ ಟೇಪ್ ರೆಕಾರ್ಡರ್ ಹಿಡಿದುಕೊಂಡು ಮನೆಗೆ ಬಂದು, "ಮೇಡಂ, ನಿಮ್ಮ ಹೋರಾಟದ ಬಗ್ಗೆ ಹೇಳಿ" ಅಂದಳು. ಹೋರಾಟದ ಕಥೆ ಹೇಳಿದೆ. ಬಾಯಿ ತುಂಬ ನಕ್ಕಳು, ಕಣ್ಣು ಒರೆಸಿಕೊಂಡಳು, ಕಾಫಿ ಕುಡಿದು ಹೋದಳು. ಹೋರಾಟ ಗೆದ್ದ ಮೇಲೆ ಆರು ತಿಂಗಳು ಏನಾಯಿತು ಅಂತ ಕೇಳಲಿಲ್ಲ. ಯಾರೂ ಕೇಳುವುದಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ.

ಆಗ ಫಿಲೇಚರಿನ ಮೇಸ್ತ್ರಿ ಚನ್ನಪ್ಪ ಅಂತ. ತೆಳ್ಳಗಿನ ಮನುಷ್ಯ, ಇಸ್ತ್ರಿ ಹಾಕಿದ ಅಂಗಿ, ಕೈಯಲ್ಲಿ ಯಾವಾಗಲೂ ಒಂದು ಹಿಪ್ಪುನೇರಳೆ ಕಡ್ಡಿ. ಬೆಳಿಗ್ಗೆ ನಮಗೆ ಗೂಡು ತೂಗಿ ಕೊಡುವವನೂ ಅವನೇ, ಸಂಜೆ ನೂಲು ತೂಗಿ ತಗೊಳ್ಳುವವನೂ ಅವನೇ. ಹೆಂಗಸರು ನೂಲು ಕದಿಯುತ್ತಾರೆ, ತುರುಬಿನೊಳಗೆ ಸುತ್ತಿಟ್ಟುಕೊಂಡು ಹೋಗುತ್ತಾರೆ ಅಂತ ಅವನಿಗೆ ಯಾರೋ ಹೇಳಿದ್ದರು, ಇಲ್ಲ ಅವನೇ ಕನಸು ಕಂಡಿದ್ದ. ಸಂಜೆ ಗೇಟಿನಲ್ಲಿ ನಾವು ಸಾಲಾಗಿ ನಿಂತು ತುರುಬು ಬಿಚ್ಚಬೇಕು. ಅವನು ಕಡ್ಡಿಯಿಂದ ಕೂದಲು ಎತ್ತಿ ಎತ್ತಿ ನೋಡುತ್ತಿದ್ದ. ಬಿಚ್ಚಿದ ತಲೆಯಲ್ಲೇ ಗೇಟು ದಾಟಿ, ರಸ್ತೆಯ ಪಕ್ಕ ನಿಂತು, ಹೋಗುವ ಬರುವ ಲಾರಿಯವರ ಮುಂದೆ ಮತ್ತೆ ಕಟ್ಟಿಕೊಳ್ಳುತ್ತಿದ್ದೆವು. ಮೂರು ವರ್ಷದಲ್ಲಿ ಒಂದು ದಿನವೂ ಯಾರ ತಲೆಯಿಂದಲೂ ಒಂದೆಳೆ ಉದುರಲಿಲ್ಲ. ಆದರೂ ಅವನು ನೋಡುವುದನ್ನು ಬಿಡಲಿಲ್ಲ.

ನನ್ನ ಪಕ್ಕದ ಬೇಸಿನ್ನಿನವಳು ಮಾದೇವಿ. ಅಜ್ಜೀಪುರಕ್ಕೆ ಕೊಟ್ಟಿದ್ದರು, ಗಂಡ ಹೊಡೆದು ಒಂದು ಕಿವಿ ಮಂದ ಮಾಡಿದ ಮೇಲೆ ಅವನನ್ನು ಬಿಟ್ಟು ಮುಳ್ಳೂರಿನಲ್ಲಿದ್ದ ಅಕ್ಕನ ಮನೆಗೆ ಬಂದಿದ್ದಳು. ಅಕ್ಕನ ಅತ್ತೆ ಅವಳನ್ನು ಇಟ್ಟುಕೊಂಡಿದ್ದು ಒಂದೇ ಷರತ್ತಿನ ಮೇಲೆ: ಊರವರ ಬಾಯಿಗೆ ಬೀಳುವ ಹಾಗೆ ಏನಾದರೂ ಆದರೆ ಮಾರನೇ ದಿನವೇ ಅಜ್ಜೀಪುರದ ಬಸ್ಸು. ಮಾದೇವಿ ಇದನ್ನು ನನಗೆ ನಗುನಗುತ್ತಾ ಹೇಳಿದ್ದಳು. "ನಂಗೇನಮ್ಮಿ, ಬಾಯಿ ಮುಚ್ಕಂಡು ಗೂಡು ಬೇಸೋದು ಬುಟ್ಟು ಬೇರೆ ಏನ್ ಬತ್ತದೆ" ಅಂದಿದ್ದಳು. ಅವಳ ತಲೆಗೂದಲು ಮೊಣಕಾಲಿಗೆ ಬರುತ್ತಿತ್ತು. ತುರುಬು ಕಟ್ಟಿದರೆ ತೆಂಗಿನಕಾಯಿ ಗಾತ್ರ. ಚನ್ನಪ್ಪನ ಕಡ್ಡಿಗೆ ಅವಳ ಮುಂದೆ ಹೆಚ್ಚು ಹೊತ್ತು ಕೆಲಸ.

ಯುಗಾದಿ ಕಳೆದ ಹೊಸತರಲ್ಲಿ ಒಂದು ಸಂಜೆ ಸಾಲು ಮಾದೇವಿಯ ಹತ್ತಿರ ಬಂದಾಗ ಅವಳು ಬಿಚ್ಚಲಿಲ್ಲ. ಚನ್ನಪ್ಪ ಕಡ್ಡಿ ಆಡಿಸಿದ.

"ಬಿಚ್ಚಮ್ಮ, ಒತ್ತಾಯ್ತು."

"ನಮ್ಮಪ್ಪ ಸತ್ತಾಗ ಬಿಚ್ಚಿದ್ದೆ ಮೇಸ್ತ್ರಪ್ಪ. ಇಲ್ಲಿ ದಿನಾ ಯಾರು ಸತ್ತವ್ರೆ?"

ಅಷ್ಟೇ ಮಾತು. ಹಿಂದೆ ನಿಂತಿದ್ದ ಚಿಕ್ಕತಾಯಮ್ಮ, ನಮ್ಮಲ್ಲೆಲ್ಲ ಹಿರಿಯಳು, ತನ್ನ ತುರುಬು ಬಿಚ್ಚಿ ಬೆನ್ನ ಮೇಲೆ ಚೆಲ್ಲಿಕೊಂಡು ಅಲ್ಲೇ ನೆಲದ ಮೇಲೆ ಕೂತುಬಿಟ್ಟಳು. ಎದೆ ಬಡಿದುಕೊಂಡು ಹಾಡಿಕೊಂಡು ಅಳುವುದಕ್ಕೆ ಶುರು ಮಾಡಿದಳು. "ಅಯ್ಯೋ ನಮ್ಮ ಮೇಸ್ತ್ರಪ್ಪಾ, ನಮ್ಮನ್ನೆಲ್ಲ ಬುಟ್ಟು ಓದ್ಯಾ... ಕಡ್ಡಿ ಯಾರ್ಗೆ ಕೊಟ್ಟು ಓದ್ಯಾ..." ಒಂದು ಕ್ಷಣ ನಮಗೆ ತಿಳಿಯಲಿಲ್ಲ. ತಿಳಿದ ಕೂಡಲೇ ಅಷ್ಟೂ ಜನ ತಲೆ ಕೆದರಿಕೊಂಡು ಅವನ ಸುತ್ತ ಕೂತೆವು. ಸಾವಿನ ಮನೆಯಲ್ಲಿ ಹೇಗೆ ಅಳುತ್ತೇವೋ ಹಾಗೆ, ಅವನ ಗುಣಗಾನ ಮಾಡಿ ಮಾಡಿ ಅತ್ತೆವು. ಬದುಕಿರುವವನ ಸುತ್ತ ಇಷ್ಟು ಹೆಂಗಸರು ಸಾವಿನ ಹಾಡು ಹಾಡಿದರೆ ಯಾವ ಗಂಡಸು ನಿಂತಾನು? ಚನ್ನಪ್ಪನ ಮುಖ ಬೂದಿಯಾಯಿತು. "ಬ್ಯಾಡ ಕಣ್ರಮ್ಮೋ, ಬಾಯ್ ಮುಚ್ರಮ್ಮೋ" ಅಂತ ಕಡ್ಡಿ ಬಿಸಾಕಿ, ಸೈಕಲ್ ಹತ್ತುವುದನ್ನೂ ಮರೆತು ತಳ್ಳಿಕೊಂಡೇ ಓಡಿದ. ಮನೆಗೆ ಹೋದವನಿಗೆ ಮೂರು ದಿನ ಜ್ವರವಂತೆ. ನಾನು ಜೀವಮಾನದಲ್ಲಿ ಅಷ್ಟು ನಕ್ಕಿಲ್ಲ.

ಫಿಲೇಚರಿನ ಸಾಹುಕಾರರು ಕೊಳ್ಳೇಗಾಲದಲ್ಲಿದ್ದರು. ನಾವು ಕೆಲಸಕ್ಕೆ ಕೂರದೆ ಎರಡು ದಿನ ಬೇಸಿನ್ ಆರಿದ ಮೇಲೆ ಸ್ಕೂಟರಿನಲ್ಲಿ ಬಂದರು. ನೂಲಿಗೆ ಒಳ್ಳೆ ರೇಟಿದ್ದ ಕಾಲ, ಗೂಡು ಕೋಣೆ ತುಂಬ ಬಿದ್ದಿತ್ತು. ಚಿಕ್ಕತಾಯಮ್ಮ ಕೈ ಮುಗಿದು, "ಬುದ್ದಿ, ಮೇಸ್ತ್ರಿ ಬಂದ್ರೆ ನಾವಿಲ್ಲ" ಅಂದಳು. ಅವರು ಸುತ್ತ ನೋಡಿ, ತಲೆ ಕೆರೆದು, "ಅಂಗಾದ್ರೆ ನೀವೇ ನಡೆಸ್ಕಳಿ. ನಂಗೆ ನೂಲು ಬಂದ್ರೆ ಸಾಕು" ಅಂದು ಹೊರಟರು. ಆ ಮಾತಿನಲ್ಲಿ ಎಷ್ಟು ವಿಷವಿತ್ತು ಅಂತ ನಮಗೆ ಆಗ ಗೊತ್ತಾಗಲಿಲ್ಲ. ನಾವು ಐದು ಜನರ ಕಮಿಟಿ ಮಾಡಿದೆವು. ಊರವರು ಅದಕ್ಕೆ ತುರುಬಿನ ಸರ್ಕಾರ ಅಂತ ಹೆಸರಿಟ್ಟರು. ನಮ್ಮ ಸರ್ಕಾರದ ಮೊದಲ ಕಾನೂನು: ಇನ್ನು ಮೇಲೆ ಗೇಟಿನಲ್ಲಿ ಯಾರ ತಲೆಗೂ ಯಾರೂ ಕೈ ಹಾಕಬಾರದು. ಎಸ್ಸೆಸ್ಸೆಲ್ಸಿ ಪಾಸಾದವಳು ನಾನೊಬ್ಬಳೇ ಆದ್ದರಿಂದ ಗೂಡು, ನೂಲು ತೂಗುವ ಕೆಲಸ ನನಗೆ ಬಂತು. ಆ ಚೈತ್ರದ ಒಣ ಬಿಸಿಲಲ್ಲಿ ಹತ್ತು ದಿನ ತೂಗಿ ನೋಡಿ, ಇಷ್ಟು ಗೂಡಿಗೆ ಇಷ್ಟು ನೂಲು ಬರಬೇಕು ಅಂತ ಗೋಡೆಯ ಕಪ್ಪು ಹಲಗೆ ಮೇಲೆ ಸೀಮೆಸುಣ್ಣದಲ್ಲಿ ದೊಡ್ಡದಾಗಿ ಬರೆದೆ. ಅದನ್ನು ಬರೆಯುವಾಗ ನನಗಿದ್ದ ಜಂಬ ಈಗ ನೆನೆಸಿಕೊಂಡರೆ ನನ್ನ ಕೆನ್ನೆಗೆ ನಾನೇ ಹೊಡೆದುಕೊಳ್ಳಬೇಕು ಅನ್ನಿಸುತ್ತದೆ.

ಮೊದಲ ಅಧ್ಯಕ್ಷೆ ಚಿಕ್ಕತಾಯಮ್ಮ. ಯಾರಿಗೂ ಇಲ್ಲ ಅನ್ನುವುದು ಆಕೆಗೆ ಬಾರದು. ಒಬ್ಬಳಿಗೆ ತಲೆನೋವು, ಇನ್ನೊಬ್ಬಳಿಗೆ ನೆಂಟರು, ಮತ್ತೊಬ್ಬಳಿಗೆ ಹಸು ಕರು ಹಾಕುವುದು; ಎಲ್ಲರಿಗೂ "ಓಗವ್ವ, ಓಗು." ಎರಡು ತಿಂಗಳಲ್ಲಿ ಮಧ್ಯಾಹ್ನದ ಮೇಲೆ ಅರ್ಧ ಬೇಸಿನ್ನಿನ ಮುಂದೆ ಜನವಿರಲಿಲ್ಲ. ಉಳಿದವರು ಗೊಣಗಿದರು. ಆ ವರ್ಷ ದೆಹಲಿಯಲ್ಲೂ ಸರ್ಕಾರ ಗಟ್ಟಿ ನಿಲ್ಲುತ್ತಿರಲಿಲ್ಲ, ರೇಡಿಯೋ ಹಾಕಿದರೆ ವಿಶ್ವಾಸಮತ, ವಿಶ್ವಾಸಮತ ಅನ್ನುತ್ತಿತ್ತು. ನಮ್ಮಲ್ಲಿ ಕೈ ಎತ್ತುವ ಪದ್ಧತಿ ಬರಲಿಲ್ಲ, ಎದುರಿಗೆ ಕೈ ಎತ್ತಿದರೆ ಮುಖ ನೋಡುವುದು ಹೇಗೆ? ನಮ್ಮವರು ಬೇರೆ ದಾರಿ ಕಂಡುಹಿಡಿದರು. ಅಧ್ಯಕ್ಷೆ ಬೇಡ ಅನ್ನಿಸಿದವರು ತಮ್ಮ ಬಿಸಿ ಬೇಸಿನ್ನಿಗೆ ಒಂದು ಚೊಂಬು ತಣ್ಣೀರು ಹುಯ್ಯುವುದು. ತಣ್ಣಗಾದ ನೀರಿನಲ್ಲಿ ಎಳೆ ಬಿಚ್ಚುವುದಿಲ್ಲ, ರಾಟೆ ನಿಲ್ಲುತ್ತದೆ. ಅರ್ಧಕ್ಕಿಂತ ಹೆಚ್ಚು ಬೇಸಿನ್ ತಣ್ಣಗಾದರೆ ಅಧ್ಯಕ್ಷೆ ಇಳಿಯಬೇಕು. ಆಷಾಢದ ಮೊದಲ ವಾರ ಚಿಕ್ಕತಾಯಮ್ಮ ಸಾಲಿನ ಈ ತುದಿಯಿಂದ ಆ ತುದಿಗೆ ನಡೆದು, ಆರಿದ ಬೇಸಿನ್ ಎಣಿಸಿ, ಸೆರಗಲ್ಲಿ ಮುಖ ಮುಚ್ಚಿಕೊಂಡು ತನ್ನ ಜಾಗಕ್ಕೆ ಹೋಗಿ ಕೂತಳು.

ಆಮೇಲೆ ಬಂದವಳು ರತ್ನಮ್ಮ. ಅವಳ ಬಗ್ಗೆ ಇವತ್ತಿಗೂ ನನಗೆ ಒಳ್ಳೆಯ ಮಾತು ಬರುವುದಿಲ್ಲ, ಬರಿಸಿಕೊಳ್ಳುವ ಆಸೆಯೂ ಇಲ್ಲ. ಭಾಷಣ ಮಾಡುತ್ತಿದ್ದಳು. ಸ್ಟೂಲಿನ ಮೇಲೆ ನಿಂತು "ಅಕ್ಕತಂಗಿಯರೇ" ಅನ್ನುತ್ತಿದ್ದಳು. ಬೇಸಿನ್ ಎಲ್ಲರಿಗೂ ಸಮ, ವಾರಕ್ಕೊಮ್ಮೆ ಚೀಟಿ ಎತ್ತಿ ಹಂಚೋಣ ಅಂದಳು. ಕಿವಿಗೆ ಎಷ್ಟು ಚೆಂದ! ಆದರೆ ಪ್ರತಿ ವಾರವೂ ಕಿಟಕಿ ಪಕ್ಕದ, ಹೊಗೆ ಹೊಡೆಯದ ಬೇಸಿನ್ನು ಅವಳ ನಾದಿನಿಗೂ ಅವಳ ಓರಗಿತ್ತಿಗೂ ಬರುತ್ತಿತ್ತು. ಬಾಗಿಲಿನ ಪಕ್ಕದ, ಎರಚಲು ಹೊಡೆಯುವ ಬೇಸಿನ್ನು ಮಾದೇವಿಗೆ. ಶ್ರಾವಣ ಮುಗಿಯುವುದರೊಳಗೆ ರತ್ನಮ್ಮನಿಗೂ ತಣ್ಣೀರು ಬಿತ್ತು. ಮೊದಲ ಚೊಂಬು ಹುಯ್ದವಳು ನಾನು. ಅದರಲ್ಲಿ ಖುಷಿಪಟ್ಟೆ ಅನ್ನುವುದನ್ನು ಮುಚ್ಚಿಡುವುದಿಲ್ಲ. ಗೌರಿ ಹಬ್ಬದ ಹಿಂದಿನ ದಿನ, ನಮ್ಮ ಗೌರಿ ಹೆಸರಿನಲ್ಲೇ ಹಬ್ಬ ಬಂದಿದೆ ಅಂತ ತಮಾಷೆ ಮಾಡುತ್ತಾ, ನನ್ನನ್ನು ಅಧ್ಯಕ್ಷೆ ಮಾಡಿದರು.

ಆ ಭಾದ್ರಪದದ ಮಳೆ ಬಿಡಲಿಲ್ಲ. ಬಿಳಿಗಿರಿರಂಗನ ಬೆಟ್ಟ ವಾರಗಟ್ಟಲೆ ಕಾಣಲೇ ಇಲ್ಲ, ಮೋಡದೊಳಗೇ ಇತ್ತು. ಫಿಲೇಚರಿನ ಶೀಟು ಸೋರಿ ಗೂಡಿನ ಕೋಣೆಯ ನೆಲ ಒದ್ದೆ, ಗೋಣಿ ಒದ್ದೆ, ಸೌದೆ ಒದ್ದೆ. ಎಳೆ ಪದೇ ಪದೇ ಕಿತ್ತುಹೋಗುತ್ತಿತ್ತು. ಸಂಜೆ ತೂಗಿದರೆ ನೂಲು ಕಪ್ಪು ಹಲಗೆಯ ಲೆಕ್ಕಕ್ಕೆ ಬರುತ್ತಿರಲಿಲ್ಲ. ಒಂದು ದಿನ ಸ್ವಲ್ಪ ಕಡಿಮೆ, ಮರುದಿನ ಇನ್ನೂ ಕಡಿಮೆ. ಸಾಹುಕಾರರು ಕೊಡೆ ಹಿಡಿದುಕೊಂಡು ಬಂದರು. ಹಲಗೆ ನೋಡಿದರು, ತಕ್ಕಡಿ ನೋಡಿದರು, ನನ್ನ ಮುಖ ನೋಡಿದರು.

"ನೀನೇ ಬರ್ದಿರೋದಲ್ವಾ ಇದು? ಬೇಸ್ಗೇಲಿ ಬತ್ತಿದ್ದ ನೂಲು ಈಗ ಎಲ್ಲಿಗೆ ಓಯ್ತು? ಒಂದು ವಾರ ಕೊಡ್ತೀನಿ. ಕಳ್ಳಿ ಯಾರು ಅಂತ ಯೋಳು, ಇಲ್ದಿದ್ರೆ ಚನ್ನಪ್ಪನ್ನ ಕರಸ್ತೀನಿ."

ಆ ಮನುಷ್ಯನಿಗೆ ಗೊತ್ತಿತ್ತು. ಇಪ್ಪತ್ತು ವರ್ಷ ಗೂಡಿನ ವ್ಯಾಪಾರ ಮಾಡಿದವನಿಗೆ ಗೊತ್ತಿರದೆ ಇರುತ್ತದೆಯೇ? ಗೊತ್ತಿದ್ದೇ ಕೇಳಿದ. ಅವನ ಕಥೆ ಹಾಗಿರಲಿ. ನನಗೂ ಗೊತ್ತಿರಬೇಕಿತ್ತು, ಅದು ನನ್ನನ್ನು ಸುಡುವುದು. ನನ್ನವ್ವ ಹುಳ ಸಾಕಿದವಳು. ಮಳೆಯಲ್ಲಿ ಗೂಡು ಮಾರ್ಕೆಟ್ಟಿಗೆ ಹೊತ್ತುಕೊಂಡು ಹೋದರೆ ವ್ಯಾಪಾರಿಗಳು ಮುಷ್ಟಿಯಲ್ಲಿ ಹಿಡಿದು ಅದುಮಿ, "ನೀರು ಕುಡ್ದದೆ" ಅಂತ ತೂಕ ಮುರಿಯುತ್ತಿದ್ದುದನ್ನು ಅವಳ ಪಕ್ಕದಲ್ಲಿ ನಿಂತು ನೋಡಿದವಳು ನಾನು. ಅಲ್ಲಿದ್ದ ಅಷ್ಟೂ ಹೆಂಗಸರು ಅಂಥ ಮನೆಯಿಂದಲೇ ಬಂದವರು. ಆದರೆ ಒಬ್ಬಳ ಬಾಯಿಂದಲೂ ಆ ಮಾತು ಬರಲಿಲ್ಲ. ಸರ್ಕಾರ ಉಳಿಯಬೇಕಿತ್ತು, ಅದಕ್ಕೊಬ್ಬ ಕಳ್ಳಿ ಬೇಕಿತ್ತು. ನೀರು ಕುಡಿದ ಗೂಡು ನಮ್ಮ ತಲೆಗೆ ಹೊಳೆಯಲೇ ಇಲ್ಲ.

ಎಲ್ಲರಿಗಿಂತ ಕಡಿಮೆ ನೂಲು ಬಂದದ್ದು ಬಾಗಿಲ ಪಕ್ಕದ ಬೇಸಿನ್ನಿನಲ್ಲಿ. ಚೀಟಿ ಹಂಚಿಕೆ ರತ್ನಮ್ಮನ ಜೊತೆಗೇ ನಿಂತುಹೋಗಿ, ಅವಳು ಕೂರಿಸಿದ ಜಾಗದಲ್ಲೇ ಎಲ್ಲರೂ ಉಳಿದಿದ್ದರು. ಅಂದರೆ ಮಾದೇವಿ. ವಾರದ ಕೊನೆಯ ದಿನ ರತ್ನಮ್ಮ ನನ್ನ ತಕ್ಕಡಿಯ ಹತ್ತಿರ ಬಂದು ಎಲ್ಲರಿಗೂ ಕೇಳುವ ಹಾಗೆ ಅಂದಳು:

"ಅವಳ ತುರುಬು ನೋಡಿದ್ದೀಯಾ? ಒಂದು ಲಡಿ ನೂಲು ಇಟ್ರೂ ಕಾಣಾಕಿಲ್ಲ. ನಿನ್ ಜೊತೆಗಾತಿ ಅಂತ ಬುಟ್ಟೀಯಾ, ಅಧ್ಯಕ್ಷಮ್ಮ?"

ಎಲ್ಲರ ಕಣ್ಣೂ ನನ್ನ ಮೇಲೆ. ಬೇರೆ ಯಾರ ಹೆಸರು ಹೇಳಿದ್ದರೂ ನಾನು ಜಗಳವಾಡುತ್ತಿದ್ದೆ. ನಮ್ಮ ಮೊದಲ ಕಾನೂನು ಏನು ಅಂತ ಕೂಗುತ್ತಿದ್ದೆ. ಮಾದೇವಿಯ ಹೆಸರು ಬಂದದ್ದರಿಂದಲೇ ನನ್ನ ನಾಲಿಗೆ ಕಟ್ಟಿತು. ಗೆಳತಿಗೆ ಮುಲಾಜು ತೋರಿಸಿದಳು ಅನ್ನಿಸಿಕೊಳ್ಳಬಾರದಲ್ಲ! ನ್ಯಾಯವಂತೆ ಅನ್ನಿಸಿಕೊಳ್ಳುವ ಚಪಲಕ್ಕಿಂತ ಕೆಟ್ಟ ಚಪಲ ಇನ್ನೊಂದಿಲ್ಲ ಅಂತ ನಾನು ಕಲಿತದ್ದು ಆ ಸಂಜೆ.

ಗೇಟಿನ ಹತ್ತಿರ ಅವಳನ್ನು ನಿಲ್ಲಿಸಿದೆ. ಜಿಟಿಜಿಟಿ ಮಳೆ. ಅವಳ ಕೈಯಲ್ಲಿ ಊಟದ ಡಬ್ಬಿ.

"ಮಾದೇವಿ, ತುರುಬು ಬಿಚ್ಚು."

ಮಂದ ಕಿವಿ ಈ ಕಡೆಗಿತ್ತು, ಕೇಳಿಸಲಿಲ್ಲವೇನೋ, ನಕ್ಕಳು. "ಏನಮ್ಮಿ?" ಅಂದಳು.

"ತುರುಬು ಬಿಚ್ಚು ಅಂದೆ."

ನಗು ಹೋಯಿತು. "ನೀನ್ ಯೋಳ್ತಾ ಇದ್ದೀಯಾ ಗೌರಿ?"

"ನಾನಲ್ಲ. ಕಮಿಟಿ ಯೋಳ್ತಾ ಅದೆ."

ಡಬ್ಬಿಯನ್ನು ನಿಧಾನವಾಗಿ ಕೆಳಗಿಟ್ಟಳು. ಪಿನ್ನು ತೆಗೆದಳು. ಬಾಡಿದ ಕನಕಾಂಬರದ ತುಂಡೊಂದು ಬಿತ್ತು. ಕೂದಲು ಬಿಚ್ಚಿ ಬೆನ್ನ ಮೇಲೆ ಇಳಿಯಿತು. ಅಷ್ಟಕ್ಕೆ ನಾನು ಬಿಡಬಹುದಿತ್ತು. ಬಿಡಲಿಲ್ಲ. ಬೆರಳು ಹಾಕಿ, ಬುಡದವರೆಗೆ ಹಾಕಿ, ಎತ್ತಿ ಎತ್ತಿ ನೋಡಿದೆ. ನನ್ನ ಕೈಯಲ್ಲಿ ಕಡ್ಡಿ ಇರಲಿಲ್ಲ, ಅಷ್ಟೇ ವ್ಯತ್ಯಾಸ. ಏನೂ ಸಿಗಲಿಲ್ಲ. ಅವಳು ಮತ್ತೆ ಕಟ್ಟಿಕೊಳ್ಳಲಿಲ್ಲ. ಡಬ್ಬಿ ಎತ್ತಿಕೊಂಡು, ಬಿಚ್ಚಿದ ತಲೆಯಲ್ಲೇ ಮಳೆಯಲ್ಲಿ ಮುಳ್ಳೂರಿನ ಕಡೆ ನಡೆದಳು.

ಮಾರನೇ ಬೆಳಿಗ್ಗೆ ಮಾದೇವಿ ಬರಲಿಲ್ಲ. ನಾನು ಹೋಗುವ ಹೊತ್ತಿಗೆ ಬೇಸಿನ್ನುಗಳಲ್ಲಿ ನೀರು ಕಾದಿತ್ತು. ಚಿಕ್ಕತಾಯಮ್ಮ ನನ್ನ ಮುಖ ನೋಡಿಕೊಂಡೇ ಚೊಂಬು ಎತ್ತಿ ತನ್ನ ಬೇಸಿನ್ನಿಗೆ ಹುಯ್ದಳು. ಆಮೇಲೆ ಅವಳ ಪಕ್ಕದವಳು. ಆಮೇಲೆ ಎಲ್ಲರೂ. ಹೆಚ್ಚು ನಾಚಿಕೆಗೇಡು ಏನೆಂದರೆ, ರತ್ನಮ್ಮನೂ ಹುಯ್ದಳು. ನಿನ್ನೆ ಸುಮ್ಮನೆ ನಿಂತು ನೋಡಿದವರು ಇವತ್ತು ನನ್ನೊಬ್ಬಳ ಮೇಲೆ ಅಷ್ಟನ್ನೂ ಸುರಿದು ಕೈ ತೊಳೆದುಕೊಂಡರು. ಮಧ್ಯಾಹ್ನ ಸಾಹುಕಾರರ ಸ್ಕೂಟರ್ ಬಂತು. ಹಿಂದೆ ಚನ್ನಪ್ಪ ಕೂತಿದ್ದ. ಯಾರೂ ಅವನ ಸುತ್ತ ಕೂತು ಅಳಲಿಲ್ಲ. ಸಂಜೆ ಅವನು ಗೇಟಿಗೆ ಬಂದು ನಿಂತ, ಬಾಯೇ ತೆರೆಯಲಿಲ್ಲ. ಚಿಕ್ಕತಾಯಮ್ಮನಿಂದ ಹಿಡಿದು ಎಲ್ಲರೂ ತಾವಾಗಿ ಸಾಲು ನಿಂತು ತಲೆ ಬಿಚ್ಚಿದರು. ನಾನೂ ಬಿಚ್ಚಿದೆ.

ನನ್ನ ಸರದಿ ಬಂದಾಗ ಅವನು ಕೂದಲು ನೋಡಲೇ ಇಲ್ಲ. ಒಳಗಿನ ಕಪ್ಪು ಹಲಗೆಯ ಕಡೆ ಕಡ್ಡಿ ತೋರಿಸಿ, ಬೈಯುವ ದನಿಯಲ್ಲೂ ಅಲ್ಲ, ಮಗ್ಗಿ ತಪ್ಪಿದ ಮಕ್ಕಳಿಗೆ ಹೇಳುವ ಹಾಗೆ ಅಂದ:

"ಮಳೆಗಾಲದ ಗೂಡು ನೀರು ಕುಡೀತದೆ ಕಣಮ್ಮ. ತೂಕ ಜಾಸ್ತಿ ತೋರುಸ್ತದೆ, ನೂಲು ಕಮ್ಮಿ ಬತ್ತದೆ. ನಾನು ಆಗ್ಲೆಲ್ಲ ಅಷ್ಟು ತೂಕ ಮುರ್ಕಂಡೇ ತೂಗ್ತಿದ್ದೆ. ನಿಂಗೆ ಗೊತ್ತಿರ್ನಿಲ್ವಾ?"

ರಾತ್ರಿ ಹೇಗೆ ಕಳೆಯಿತೋ. ಬೆಳಗಾಗುತ್ತಲೇ ಮುಳ್ಳೂರಿಗೆ ಓಡಿದೆ. ಅಕ್ಕನ ಅತ್ತೆ ಜಗಲಿಯ ಮೇಲೆ ರಾಗಿ ಕೇರುತ್ತಿದ್ದಳು, ಕೈ ನಿಲ್ಲಿಸಲಿಲ್ಲ. "ಈಗಿನ್ನೂ ಅಜ್ಜೀಪುರದ ಬಸ್ಸಿಗೆ ಓದಳು. ತಲೆ ಬಿಚ್ಚುಸ್ಕಂಡು ಬಂದೋಳ್ನ ಮನೇಲಿ ಮಡಿಕಳಕಾಯ್ತದಾ?" ಅಂದಳು. ಏನೂ ಸಿಗಲಿಲ್ಲವಲ್ಲ ಅಂದೆ. "ಏನೂ ಇಲ್ದೆ ಬಿಚ್ಚುಸ್ತಾರಾ?" ಅಂದಳು. ಅಲ್ಲಿಂದ ಸಿಕ್ಕಿದ ಲಾರಿ ಹತ್ತಿ ಕೊಳ್ಳೇಗಾಲಕ್ಕೆ ಬಂದೆ.

ಹನೂರು, ಅಜ್ಜೀಪುರದ ಮೇಲೆ ಮಾದಪ್ಪನ ಬೆಟ್ಟಕ್ಕೆ ಹೋಗುವ ಬಸ್ಸು ಹೊರಡುವುದರಲ್ಲಿತ್ತು, ಡ್ರೈವರ್ ಹತ್ತಿ ಕೂತಿದ್ದ. ಮಾದೇವಿ ಕಿಟಕಿಯ ಪಕ್ಕ ಕೂತಿದ್ದಳು. ತೊಡೆಯ ಮೇಲೆ ಬಟ್ಟೆಯ ಗಂಟು. ಅಕ್ಕ ಸಹ ಬಂದಿರಲಿಲ್ಲ. ನಾನು ಕಿಟಕಿಯ ಸರಳು ಹಿಡಿದುಕೊಂಡು, ಉಸಿರು ಕಟ್ಟಿ, ಹೇಳಬೇಕಾದ್ದನ್ನೆಲ್ಲ ಒಂದೇ ಸಲಕ್ಕೆ ಹೇಳಿದೆ.

"ಇಳಿಯೇ ಮಾದೇವಿ. ನೀನು ತಕಂಡಿಲ್ಲ ಅಂತ ಗೊತ್ತಾಯ್ತು. ಗೂಡು ನೀರು ಕುಡ್ದಿತ್ತಂತೆ. ನಾನು ನಿಮ್ಮಕ್ಕನ ಅತ್ತೆಗೆ ಯೋಳ್ತೀನಿ, ಊರಿಗೆಲ್ಲ ಯೋಳ್ತೀನಿ, ಇಳಿ."

"ನಾನು ತಕಂಡಿಲ್ಲ ಅಂತ ನಂಗೆ ಮೊದ್ಲೇ ಗೊತ್ತಿತ್ತು" ಅಂದಳು.

"ತಪ್ಪಾಯ್ತು ಕಣೆ. ಆ ಚನ್ನಪ್ಪ ಮೂರು ವರ್ಷ ಬಿಚ್ಚುಸ್ದ, ಅದ್ನ ನೀನು ತಡ್ಕಂಡೆ. ನಾನು ಒಂದ್ಸಲ ಮಾಡಿದ್ನ ತಡ್ಕಳಕಾಗಾಕಿಲ್ವಾ?"

ಅವಳು ಒಳ್ಳೆಯ ಕಿವಿಯನ್ನು ನನ್ನ ಕಡೆ ತಿರುಗಿಸಿ ಪೂರ್ತಿ ಕೇಳಿಸಿಕೊಂಡಳು. ಕೋಪವಿರಲಿಲ್ಲ. ಕೋಪವಿದ್ದಿದ್ದರೆ ನಾನು ಬದುಕಿಕೊಳ್ಳುತ್ತಿದ್ದೆ.

"ಮೇಸ್ತ್ರಿ ದಿನಾ ಎಲ್ಲಾರ್ದೂ ಬಿಚ್ಚುಸ್ತಿದ್ದ ಗೌರಿ. ನೀನು ನಂದೊಂದ್ನೇ ಬಿಚ್ಚುಸ್ದೆ."

ಕಂಡಕ್ಟರ್ ಸೀಟಿ ಊದಿದ. ನಾನು ಸರಳು ಬಿಟ್ಟೆ.